ಆಡದ ಪಂದ್ಯಗಳ ಪಟ್ಟಿ

ಮೊನ್ನೆ ಬಿಜೈಯ ನಮ್ಮ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಕೋರ್ಟ್ ಒರೆಸಲೆಂದು ನೆನೆದ ಗೋಣಿಚೀಲವೊಂದನ್ನು ಎತ್ತಿದೆ. ಹಸಿ ಸೆಣಬು, ಸಿಮೆಂಟಿನ ಧೂಳು, ಸ್ವಲ್ಪ ಪಾಚಿ... ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಕಮಿಷನರ್ ಎದುರು ಬಂದ ಹಾಗಾಯಿತು. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಕುಕ್ಕರಗಾಲಲ್ಲಿ ಕೂತು, ಗೋಣಿಯನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ಹಿಂದಕ್ಕೆ ಸರಿಯುತ್ತಾ ಕೋರ್ಟ್ ಒರೆಸುವ ಮನುಷ್ಯ. ಅವರು ಪೊಲೀಸ್ ಕಮಿಷನರ್ ಅಲ್ಲ. ಎರಡೇ ವರ್ಷ ನಡೆದ ಬಾಸ್ಕೆಟ್‌ಬಾಲ್ ಲೀಗೊಂದಕ್ಕೆ ಹನ್ನೆರಡು ವರ್ಷ ಕಮಿಷನರ್ ಆಗಿದ್ದವರು.

ಮೊದಲು ಅವರು ನಮಗೆ ಬರೇ ಸರ್. ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದರು. ಅರ್ಚಕರ ಮನೆತನ, ಅಣ್ಣ ಗರ್ಭಗುಡಿಗೆ ಹೋದರೆ ತಮ್ಮ ಕೋರ್ಟಿಗೆ ಹೋದ ಎಂದು ಊರವರು ತಮಾಷೆ ಮಾಡುತ್ತಿದ್ದರು. ಕುದ್ರೋಳಿಯಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿ ದಾಟಿದರೆ ಹಳೆಯದೊಂದು ಸಿಮೆಂಟ್ ಕೋರ್ಟ್ ಇತ್ತು. ಸಂಜೆ ಅಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು. ಕಾಲಿಡುವ ಮೊದಲು ಗೆರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮಳೆಗಾಲದಲ್ಲಿ ಮಳೆ ನಿಂತು ಅರ್ಧ ಗಂಟೆ ಹೊಳವಾದರೂ ಸಾಕು, ಗೋಣಿ ಹಿಡಿದು ಇಳಿಯಬೇಕು. ಚಪ್ಪಲಿ ಹಾಕಿಕೊಂಡು ಗೆರೆ ದಾಟಿದವರಿಗೆ ಅವರು ಬೈಯುತ್ತಿದ್ದ ಬೈಗುಳ ಅರ್ಚಕರ ಮನೆಯಲ್ಲಿ ಕಲಿತದ್ದಂತೂ ಅಲ್ಲ. ಆದರೆ ಬುಟ್ಟಿಗೆ ಎಸೆದ ಚೆಂಡು ತಪ್ಪಿದರೆ ಮಾತ್ರ ಬೈಯುತ್ತಿರಲಿಲ್ಲ. "ಮಲ್ಲೆ ಇಜ್ಜಿ" ಎನ್ನುತ್ತಿದ್ದರು. ಪರವಾಗಿಲ್ಲ ಎನ್ನುವುದಕ್ಕೆ ತುಳುವಿನ ಮಾತು. ಎಷ್ಟು ಸಲ ತಪ್ಪಿದರೂ ಅದೇ ಎರಡು ಪದ, ಅದೇ ದನಿ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಪೇಟೆಯ ನಾಲ್ಕು ಜನ ವ್ಯಾಪಾರಸ್ಥರು ಸೇರಿ ಹುಡುಗಿಯರ ಲೀಗ್ ಮಾಡಲು ಹೊರಟರು. ಒಬ್ಬರದ್ದು ಹಂಚಿನ ಕಾರ್ಖಾನೆ, ಒಬ್ಬರದ್ದು ಐಸ್‌ಕ್ರೀಂ, ಒಬ್ಬರದ್ದು ಗೇರುಬೀಜ, ಇನ್ನೊಬ್ಬರದ್ದು ಚಿನ್ನದ ಅಂಗಡಿ. ತಂಡಗಳಿಗೆ ಹುಲಿ, ಹದ್ದು ಎಂದೆಲ್ಲ ಇಂಗ್ಲಿಷ್ ಹೆಸರಿಟ್ಟಿದ್ದರು. ಜನ ಮಾತ್ರ ಹಂಚು, ಐಸ್‌ಕ್ರೀಂ, ಬೀಜ, ಚಿನ್ನ ಎಂದೇ ಕರೆದರು. ನಾನು ಐಸ್‌ಕ್ರೀಂನ ಕ್ಯಾಪ್ಟನ್. ಸರ್ ಕಮಿಷನರ್ ಆದರು. ಬೀಡಿ ಕಟ್ಟುತ್ತಾ ಕೂತಿದ್ದ ಅಮ್ಮ ಸುದ್ದಿ ಕೇಳಿ, "ಇನ್ನು ಅವರ ಸ್ಕೂಟರಿಗೆ ಕೆಂಪು ಲೈಟ್ ಉಂಟಾ?" ಎಂದು ನಕ್ಕಿದ್ದಳು. ಅವರಿಗೆ ಇದು ನಗುವ ವಿಷಯ ಆಗಿರಲಿಲ್ಲ. ಲೆಟರ್‌ಹೆಡ್ ಮಾಡಿಸಿದರು, ರಬ್ಬರ್ ಸ್ಟಾಂಪು ಮಾಡಿಸಿದರು. ಮೊದಲ ಪಂದ್ಯದ ದಿನ ಕೋರ್ಟಿನ ನಡುವೃತ್ತದಲ್ಲಿ ತೆಂಗಿನಕಾಯಿ ಒಡೆದು, ಆಮೇಲೆ ಆ ಕಾಯಿನೀರು ಒರೆಸಲು ತಾವೇ ಗೋಣಿ ಹಿಡಿದು ಕೂತರು. ಆಟ ಇಪ್ಪತ್ತು ನಿಮಿಷ ತಡವಾಯಿತು. ಇರುವೆಗಳು ಮಾತ್ರ ಸಮಯಕ್ಕೆ ಸರಿಯಾಗಿ ಬಂದಿದ್ದವು.

ನಮ್ಮ ಕಡೆ ಬಾಸ್ಕೆಟ್‌ಬಾಲ್ ಆಡುವವರ ಹಣೆಬರಹ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಡಬೇಕು, ರಾಜ್ಯ ಮಟ್ಟದ ಸರ್ಟಿಫಿಕೇಟ್ ಸಿಗಬೇಕು, ಅದನ್ನು ತೋರಿಸಿ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ಕೆಲಸ ಹಿಡಿಯಬೇಕು. ಅಲ್ಲಿಗೆ ಮುಗಿಯಿತು. "ಕಾಗದಕ್ಕೆ ಬೇಕಾಗಿ ಆಡುವುದಾ ಮಾರಾಯ್ತಿ ನೀವು?" ಎಂದು ನಮ್ಮನ್ನು ಕೆಣಕುತ್ತಿದ್ದರು. ಆಟವೇ ಕೆಲಸ ಆಗಬೇಕು, ಆಡಿದವರು ಆಟದಿಂದಲೇ ಉಣ್ಣಬೇಕು ಎನ್ನುವುದು ಅವರ ಒಂದೇ ಹಟ. ಲೀಗ್ ಶುರುವಾದ ಮೇಲೆ ಆ ಹಟಕ್ಕೆ ಕಾಲು ಬಂದಿತು.

ಮೊದಲ ವರ್ಷದ ಲೀಗ್ ಮುಗಿದ ಬೇಸಿಗೆಯಲ್ಲಿ ನನಗೆ ಅಂಥದೇ ಒಂದು ಕಾಗದ ಬಂತು. ಹುಬ್ಬಳ್ಳಿಯ ಸರಕಾರಿ ಕಚೇರಿಯೊಂದರಲ್ಲಿ ಕ್ಲರ್ಕ್ ಹುದ್ದೆ, ಆಟದ ಕೋಟಾ, ಮೂವತ್ತು ದಿನದೊಳಗೆ ಸೇರಬೇಕು. ಅಪ್ಪ ಗಲ್ಫಿನಲ್ಲಿ ಇನ್ನೊಬ್ಬರ ಲಾರಿ ಓಡಿಸುತ್ತಿದ್ದರು. ಅಮ್ಮ ಆ ಕಾಗದವನ್ನು ದೇವರ ಫೋಟೋದ ಹಿಂದೆ ಇಟ್ಟಳು. ಸರಕಾರಿ ಕೆಲಸ ಎಂದರೆ ನಮ್ಮ ಮನೆತನದಲ್ಲಿ ಯಾರಿಗೂ ಬಾರದ ಭಾಗ್ಯ. ನಾನು ಕಾಗದದ ನಕಲು ಹಿಡಿದುಕೊಂಡು ಸರ್ ಹತ್ತಿರ ಹೋದೆ. ಅವರು ಓದಿ, ಮಡಚಿ, ನನ್ನ ಕೈಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಅವರ ಸ್ಕೂಟರ್ ನಮ್ಮ ಮನೆಯ ಎದುರು ನಿಂತಿತು. ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅಮ್ಮ ಬೀಡಿ ಎಲೆಯ ಮೊರವನ್ನು ಗಡಿಬಿಡಿಯಲ್ಲಿ ಒಳಗಿಟ್ಟು, ಕುರ್ಚಿ ಒರೆಸಿ, ಕುಡಿಯಲು ಬೆಲ್ಲ ನೀರು ಕೊಟ್ಟಳು. ಅವರು ಕುರ್ಚಿಯಲ್ಲಿ ಕೂರಲಿಲ್ಲ. ಜಗಲಿಯಲ್ಲೇ ಕೂತು ತುಳುವಿನಲ್ಲಿ ಮಾತಾಡಿದರು. ಇವಳು ಹೋದರೆ ಲೀಗ್ ನೋಡಲು ಜನ ಬರುವುದಿಲ್ಲ ಎಂದರು. ಇನ್ನು ಐದು ವರ್ಷದಲ್ಲಿ ಇವಳಂಥವರು ಆಡಿಯೇ ಬದುಕುತ್ತಾರೆ, ನನ್ನ ಮೇಲೆ ನಂಬಿಕೆ ಇಡಿ ಎಂದರು. ಅಮ್ಮ ಒಂದೇ ಮಾತು ಹೇಳಿದಳು: "ನೀವು ಹೇಳಿದ ಮೇಲೆ ಮತ್ತೆಂತ ಉಂಟು ಸರ್." ಮೂವತ್ತು ದಿನ ಕಳೆಯಿತು. ಕಾಗದ ದೇವರ ಫೋಟೋದ ಹಿಂದೆಯೇ ಉಳಿಯಿತು.

ಎರಡನೇ ವರ್ಷದ ಲೀಗನ್ನು ನಾನು ಸುಳ್ಳು ಹೇಳದೆ ನೆನೆಯಬೇಕು. ಅದು ನನ್ನ ಜೀವನದ ಅತ್ಯಂತ ಸುಖದ ಕಾಲ. ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಜನ ಬರುತ್ತಿದ್ದರು. ಮೀನು ಮಾರುವ ಹೆಂಗಸರು ಬುಟ್ಟಿ ಬದಿಗಿಟ್ಟು ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಕಮಿಷನರ್ ಮೈದಾನದ ಮೂಲೆಯಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದರು, ಮದುಮಗಳ ಅಪ್ಪನ ಹಾಗೆ. ಆ ನೋಟಕ್ಕಾಗಿ ನಾನು ಹತ್ತು ಕೆಲಸ ಬೇಕಾದರೂ ಬಿಡುತ್ತಿದ್ದೆ.

ಮೂರನೇ ವರ್ಷ ಬರಲಿಲ್ಲ. ಹಂಚಿನವರು ಕಾರ್ಖಾನೆ ಮುಚ್ಚಿದರು. ಚಿನ್ನದವರಿಗೆ ಕ್ರಿಕೆಟ್ ತಂಡ ಸಿಕ್ಕಿತು, ಟಿ.ವಿ.ಯಲ್ಲಿ ತೋರಿಸುತ್ತಾರಂತೆ. ಉಳಿದಿಬ್ಬರು ಮುಂದಿನ ವರ್ಷ ನೋಡುವ ಎಂದರು. ಅದರ ಅರ್ಥ ಎಲ್ಲರಿಗೂ ತಿಳಿಯಿತು, ಕಮಿಷನರ್ ಒಬ್ಬರಿಗೆ ಬಿಟ್ಟು.

ಆ ದೀಪಾವಳಿ ಕಳೆದ ಮೇಲೆ ಮನೆಗೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಲೆಟರ್‌ಹೆಡ್ಡಿನಲ್ಲಿ ಗುಂಡು ಅಕ್ಷರದ ಪಂದ್ಯಗಳ ಪಟ್ಟಿ. ಮೊದಲ ಭಾನುವಾರ ಸಂಜೆ ಐದಕ್ಕೆ ಐಸ್‌ಕ್ರೀಂ ಮತ್ತು ಬೀಜ. ಎರಡನೆಯ ಭಾನುವಾರ ಹಂಚು ಮತ್ತು ಚಿನ್ನ. ಕೆಳಗೆ ಸಹಿ, ಸ್ಟಾಂಪು. ಆ ಮೊದಲ ಭಾನುವಾರ ಹುಚ್ಚಿಯ ಹಾಗೆ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಕೋರ್ಟಿನಲ್ಲಿ ಯಾರೂ ಇರಲಿಲ್ಲ. ಕಮಿಷನರ್ ಒಬ್ಬರೇ, ಗೋಣಿ ಹಿಡಿದು ಕೂತಿದ್ದರು. "ಹಂಚಿನವರು ಬಂದಾರು" ಎಂದರು, ಅಂದು ಹಂಚಿನವರ ಪಂದ್ಯವೇ ಅಲ್ಲ ಎನ್ನುವುದೂ ನೆನಪಿಲ್ಲದೆ.

ಮರುವರ್ಷವೂ ಪಟ್ಟಿ ಬಂತು. ಅದರ ಮರುವರ್ಷವೂ. ಲೀಗನ್ನು ಮುಚ್ಚಿದ್ದೇವೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲವಲ್ಲ, ಹಾಗಾಗಿ ಕಮಿಷನರಿಗೆ ಅದು ನಡೆಯುತ್ತಲೇ ಇತ್ತು. ಬಿಜೈ ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿ ಪ್ರತಿಯೊಬ್ಬ ಆಟಗಾರ್ತಿಗೂ ಕಳಿಸುತ್ತಿದ್ದರು. ಮದುವೆಯಾಗಿ ಹೋದವರಿಗೆ ಗಂಡನ ಮನೆಯ ವಿಳಾಸಕ್ಕೆ. ನನ್ನ ಹೆಸರಿನ ಮುಂದೆ ಪ್ರತಿ ವರ್ಷ ಕ್ಯಾಪ್ಟನ್ ಎಂದೇ ಇರುತ್ತಿತ್ತು. ಆ ಹೊತ್ತಿಗೆ ನನ್ನ ಮೊಣಕಾಲು ಹೋಗಿತ್ತು, ಕೋಟಾದ ವಯಸ್ಸೂ ದಾಟಿತ್ತು. ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್, ವರ್ಷ ವರ್ಷ ಹೊಸ ನೇಮಕದ ಕಾಗದ, ಬೇಸಿಗೆ ರಜೆಯಲ್ಲಿ ನಿರುದ್ಯೋಗಿ. ಪಟ್ಟಿ ಬಂದ ದಿನ ನಾನು ಅವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಅಮ್ಮ ಮಾತ್ರ ಬೈಯಲಿಲ್ಲ. ಹೇಳದೆ ಕೇಳದೆ ಅವುಗಳನ್ನು ಒಂದು ಡಬ್ಬದಲ್ಲಿ ಎತ್ತಿಟ್ಟಳು.

ಕೊನೆಗೆ ಹಳೆ ಆಟಗಾರ್ತಿಯರೇ ಸೇರಿ ಅವರಿಗೆ ನಿವೃತ್ತಿ ಕೊಡಿಸುವುದೆಂದು ತೀರ್ಮಾನ ಮಾಡಿದರು. ಸನ್ಮಾನ ಮಾಡಿದರಾದರೂ ಪಟ್ಟಿ ನಿಂತೀತು ಎಂದು. ಮೇ ತಿಂಗಳ ಒಂದು ಸಂಜೆ ಅದೇ ಕೋರ್ಟಿನ ಮೇಲೆ ಶಾಮಿಯಾನ ಹಾಕಿದರು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಕರಾವಳಿಗೆ ವೃತ್ತಿಪರ ಬಾಸ್ಕೆಟ್‌ಬಾಲ್ ತಂದ ಮಹಾನುಭಾವ, ಇವರ ಪರಂಪರೆ ಅಳಿಯದು, ಈ ಆಟಕ್ಕೆ ಉಜ್ವಲ ಭವಿಷ್ಯ ಉಂಟು ಎಂದೆಲ್ಲ ಭಾಷಣ ಆಯಿತು. ಭಾಷಣ ಮಾಡಿದವರ ಮಕ್ಕಳಲ್ಲಿ ಒಂದೂ ಬಾಸ್ಕೆಟ್‌ಬಾಲ್ ಆಡುತ್ತಿರಲಿಲ್ಲ. ಆಟಗಾರ್ತಿಯರ ಪರವಾಗಿ ನನ್ನನ್ನು ಕರೆದರು. ನಿಜ ಹೇಳಿಬಿಡಬೇಕೆಂದು ಮನೆಯಿಂದಲೇ ತಯಾರಾಗಿ ಹೋಗಿದ್ದೆ. ಮೈಕಿನ ಎದುರು ನಿಂತು, "ಸರ್ ನಮಗೆ ದಾರಿ ತೋರಿಸಿದರು" ಎಂದು ಹೇಳಿ ಇಳಿದೆ. ಯಾವ ದಾರಿ ಎಂದು ಯಾರೂ ಕೇಳಲಿಲ್ಲ.

ಊಟದ ಹೊತ್ತಿಗೆ ಜೋರು ಮಳೆ ಬಿತ್ತು. ಎಲ್ಲರೂ ಪಕ್ಕದ ಕಟ್ಟಡಕ್ಕೆ ಓಡಿದರು. ಮಳೆ ಬಿಟ್ಟ ಮೇಲೆ ನೋಡುತ್ತೇನೆ, ಕಮಿಷನರ್ ಶಾಲನ್ನು ಕುರ್ಚಿಯ ಮೇಲಿಟ್ಟು, ಹಾರ ಕೊರಳಲ್ಲಿ ಹಾಗೇ ಇರುವಾಗ, ಗೋಣಿ ಹಿಡಿದು ಕೋರ್ಟ್ ಒರೆಸುತ್ತಿದ್ದಾರೆ.

"ಸರ್, ಇವತ್ತು ಮ್ಯಾಚ್ ಇಲ್ಲ" ಎಂದೆ.

"ಗೊತ್ತುಂಟು" ಎಂದರು. ಕೈ ನಿಲ್ಲಲಿಲ್ಲ.

ನಾನೂ ಇನ್ನೊಂದು ಗೋಣಿ ತಂದು ಪಕ್ಕದಲ್ಲಿ ಕೂತೆ. ಇಬ್ಬರೂ ಹಿಂದಕ್ಕೆ ಸರಿಯುತ್ತಾ ಒರೆಸಿದೆವು. ನಡುವೃತ್ತದ ಹತ್ತಿರ ಬಂದಾಗ ಅವರು ತಲೆ ಎತ್ತದೆ ಹೇಳಿದರು: "ಆ ದಿವಸ ನಾನು ನಿನ್ನ ಅಮ್ಮನ ಹತ್ತಿರ ಬರಬಾರದಿತ್ತು. ನೀನು ಹುಬ್ಬಳ್ಳಿಗೆ ಹೋಗಬೇಕಿತ್ತು."

ಅವರು ಕಾಯುತ್ತಿದ್ದರು. ನನಗೆ ತಿಳಿಯಿತು. ಅವರೇ ನನಗೆ ಸಾವಿರ ಸಲ ಹೇಳಿದ್ದ ಎರಡು ಪದ ಸಾಕಿತ್ತು. ನಾನು ಹೇಳಲಿಲ್ಲ. ಬಾಯಿ ಬಾರದೆ ಅಲ್ಲ. ಹೇಳಬಾರದು ಎಂದೇ ಹೇಳಲಿಲ್ಲ. ಇವರಿಗೂ ಸ್ವಲ್ಪ ಉರಿಯಲಿ ಎನ್ನುವ ಸಣ್ಣತನ. ಗೋಣಿ ಹಿಂಡಿ, ಬದಿಗಿಟ್ಟು, ಅನ್ನ ಸಾರಿನ ಕಡೆ ನಡೆದೆ.

ಆ ವರ್ಷ ದೀಪಾವಳಿ ಕಳೆದರೂ ಪಟ್ಟಿ ಬರಲಿಲ್ಲ. ಅಷ್ಟು ವರ್ಷ ಬೈದವಳು ನಾನೇ, ಒಂದು ತಿಂಗಳು ಅಂಚೆಯವನ ದಾರಿ ನೋಡಿದೆ. ಮಾರ್ಚ್ ತಿಂಗಳಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕುದ್ರೋಳಿಯ ಆ ಕೋರ್ಟಿನಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ರಿಂಗ್ ಇನ್ನೂ ಉಂಟು, ತುಕ್ಕು ಹಿಡಿದು, ಒಂದು ಬದಿಗೆ ವಾಲಿ...

ಇಷ್ಟೆಲ್ಲ ಈಗ ನೆನಪಾಗಲು ಇನ್ನೊಂದು ಕಾರಣ ಉಂಟು. ನನ್ನ ಹತ್ತಿರ ಬೆಂಗ್ರೆಯ ಒಬ್ಬಳು ಹುಡುಗಿ ಆಟ ಕಲಿಯುತ್ತಿದ್ದಳು. ನಮ್ಮ ಶಾಲೆಯಲ್ಲಿ ಓದಿದವಳು, ಈಗ ಡಿಗ್ರಿ ಮುಗಿಸಿದ್ದಾಳೆ. ಚೆಂಡು ಅವಳ ಕೈಗೆ ಬಂದರೆ ಉಳಿದವರು ನಿಂತು ನೋಡಬೇಕು, ಅಂಥವಳು. ಕಳೆದ ತಿಂಗಳು ಅವಳಿಗೆ ಎರಡು ಕಾಗದ ಒಟ್ಟಿಗೆ ಬಂದವು. ಒಂದು, ದೂರದ ಊರಿನ ಕಚೇರಿಯಲ್ಲಿ ಸ್ಪೋರ್ಟ್ಸ್ ಕೋಟಾದ ಕೆಲಸ. ಇನ್ನೊಂದು, ಹೊಸತಾಗಿ ಬರಲಿರುವ ಲೀಗಿನ ಆಯ್ಕೆಗೆ ಕರೆ. ಟಿ.ವಿ.ಯಲ್ಲಿ ಬರುತ್ತದಂತೆ, ಆಟಗಾರ್ತಿಯರಿಗೆ ಮೂರು ವರ್ಷದ ಒಪ್ಪಂದವಂತೆ. "ಮೇಡಂ, ಎಂತ ಮಾಡುವುದು?" ಎಂದು ಎರಡನ್ನೂ ನನ್ನ ಕೈಗೆ ಕೊಟ್ಟಳು. ನಾನೂ ಓದಿ, ಮಡಚಿ, ವಾಪಸ್ ಕೊಟ್ಟೆ.

ಮರುದಿನ ದೋಣಿ ಹತ್ತಿ ಬೆಂಗ್ರೆಗೆ ಹೋದೆ. ಅವಳ ಅಮ್ಮ ಮನೆಯ ಎದುರು ಬಲೆ ರಿಪೇರಿ ಮಾಡುತ್ತಿದ್ದರು. ಲೀಗ್‌ಗೀಗ್ ನಂಬಬೇಡಿ, ಕೆಲಸಕ್ಕೆ ಕಳಿಸಿ ಎಂದೆ. ಅವರು ಬಲೆಯಿಂದ ಕೈ ತೆಗೆದು, "ನೀವು ಹೇಳಿದ ಹಾಗೆ ಟೀಚರ್" ಎಂದರು. ಅಷ್ಟು ನಂಬಿಕೆಯನ್ನು ಹೊರುವುದು ಹೇಗಿರುತ್ತದೆ ಎಂದು ಅಂದೇ ಗೊತ್ತಾದದ್ದು.

ಹುಡುಗಿ ನನ್ನನ್ನು ದೋಣಿ ಕಡವಿನ ತನಕ ಬಿಡಲು ಬಂದಳು. ದೋಣಿ ಆಚೆ ದಡ ಬಿಟ್ಟದ್ದು ಕಂಡ ಮೇಲೆ ಕೇಳಿದಳು:

"ನಾನು ಅಷ್ಟು ಚೆನ್ನಾಗಿ ಆಡುವುದಿಲ್ಲ ಅಂತಲಾ ಮೇಡಂ?"

"ನಿನ್ನಷ್ಟು ಚೆನ್ನಾಗಿ ಆಡುವವಳನ್ನು ನಾನು ನೋಡಿಯೇ ಇಲ್ಲ."

"ಮತ್ತೆ?"

ಅಷ್ಟರಲ್ಲಿ ದೋಣಿ ಬಂತು. ಹತ್ತಿ ಕೂತೆ. ನನ್ನ ಮುಖ ಹೇಗಿತ್ತೋ ಏನೋ, ಅವಳು ನೀರಿನ ಅಂಚಿನ ತನಕ ಇಳಿದು ಬಂದು, "ಮಲ್ಲೆ ಇಜ್ಜಿ ಮೇಡಂ" ಎಂದಳು. ಎಷ್ಟು ಸುಲಭವಾಗಿ ಹೇಳಿದಳು... ಆ ಮಾತು ಅವಳಿಗೆ ನನ್ನಿಂದಲೇ ಹೋದದ್ದು, ನನಗೆ ಅವರಿಂದ ಬಂದದ್ದು. ದೋಣಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಕೂತು ನಾನು ಅತ್ತೆ. ಪಕ್ಕದ ಹೆಂಗಸು ಎಂತಾಯಿತು ಎಂದು ಕೇಳಿದರು. ದಾಲ ಇಜ್ಜಿ, ಏನೂ ಇಲ್ಲ ಎಂದೆ.

ಅವಳು ಕೆಲಸಕ್ಕೆ ಹೋಗಿ ಹತ್ತು ದಿನವಾಯಿತು. ಮೊನ್ನೆ ಬೆಳಿಗ್ಗೆ ಫೋನ್ ಮಾಡಿದ್ದಳು. ಕೆಲಸ ಪರವಾಗಿಲ್ಲ ಎಂದಳು. ತಂಡ ಉಂಟಾ ಎಂದು ಕೇಳಿದೆ. "ಹೆಸರಿಗೆ ಉಂಟಂತೆ. ಕೋರ್ಟ್ ಇಲ್ಲ ಮೇಡಂ. ಚೆಂಡು ಮನೆಯಲ್ಲೇ ಬಿಟ್ಟು ಬಂದದ್ದು ಒಳ್ಳೆಯದಾಯಿತು" ಎಂದಳು.

ಸರ್ ಮಾತು ಕೇಳಿ ಉಳಿದವಳು ನಾನು, ನನ್ನ ಮಾತು ಕೇಳಿ ಹೋದವಳು ಅವಳು. ಎರಡು ಕಡೆಯೂ ಆಟ ಉಳಿಯಲಿಲ್ಲ. ಸನ್ಮಾನದ ದಿನ ಹೊಗಳಿದ ಪರಂಪರೆ ಎಂದರೆ ಇಷ್ಟೇ ಏನೋ.

ಮೊನ್ನೆ ಸಂಜೆ ಗೋಣಿ ಎತ್ತಿದ್ದು ಆ ಫೋನ್ ಬಂದ ಮೇಲೆಯೇ. ಕೋರ್ಟಿಗೆ ಯಾವ ಮಕ್ಕಳೂ ಬಂದಿರಲಿಲ್ಲ. ಶಾಲೆಯ ಹಿಂದೆ ಹೊಸತಾಗಿ ಕ್ರಿಕೆಟ್ಟಿಗೆ ಹಸಿರು ಚಾಪೆ ಹಾಸಿದ್ದಾರೆ, ಎಲ್ಲ ಅಲ್ಲಿ. ಆದರೂ ಒರೆಸಿದೆ. ಮೊಣಕಾಲು ನೋಯುತ್ತಿತ್ತು. ನಡುವೃತ್ತಕ್ಕೆ ಬಂದಾಗ ಕೈ ತಾನಾಗಿಯೇ ನಿಂತಿತು. ಪಕ್ಕದಲ್ಲಿ ಯಾರೋ ತಲೆ ಎತ್ತದೆ ಕಾಯುತ್ತಿದ್ದ ಹಾಗೆ... "ಮಲ್ಲೆ ಇಜ್ಜಿ ಸರ್" ಎಂದೆ, ಗಟ್ಟಿಯಾಗಿಯೇ. ಹೇಳಬೇಕಾಗಿದ್ದ ದಿನ ಅವರು ಒಂದು ಮಾರು ದೂರದಲ್ಲಿದ್ದರು. ಮೊನ್ನೆ ಅಲ್ಲಿದ್ದದ್ದು ಒದ್ದೆ ಸಿಮೆಂಟು ಮಾತ್ರ.