ಬೀಸುಕಲ್ಲಿನ ಪ್ಲೇಯರ್

ಕಾರಟಗಿಯ ಅಕ್ಕಿ ಗಿರಣಿಗಳಿಗೆ ಲೇತ್ ಕೆಲಸ ಮಾಡಿಕೊಡುತ್ತಿದ್ದ ನಮ್ಮ ಓಣಿಯ ಕಾಕಾ ರೆಕಾರ್ಡ್ ಪ್ಲೇಯರ್ ತಯಾರಿಸಲು ಹೊರಟದ್ದು ವ್ಯಾಪಾರಕ್ಕಲ್ಲ. ತೀರಿಕೊಂಡ ಹೆಂಡತಿ ಹರೆಯದಲ್ಲಿ ನಾಟಕ ಕಂಪನಿಯ ಮೇಳದಲ್ಲಿ ಹಾಡಿದ್ದ ಒಂದೇ ಒಂದು ರೆಕಾರ್ಡ್ ಅವರಲ್ಲಿತ್ತು. ಪಕ್ಕದ ಗಿರಣಿ ಶುರುವಾದರೆ ನೆಲ ನಡುಗಿ, ಅಂಗಡಿಯಿಂದ ತಂದ ಪ್ಲೇಯರಿನ ಮುಳ್ಳು ಅದರ ಮೇಲೆ ಹಾರುತ್ತಿತ್ತು. ಅದಕ್ಕೇ ಅವಳ ಬೀಸುಕಲ್ಲನ್ನು ಅಡಿಗಿಟ್ಟು ಮೊದಲ ಪ್ಲೇಯರ್ ಕಟ್ಟಿದರು.

“ಕೇಳಿ ನೋಡವ್ವಾ, ಆ ಸಣ್ಣ ದನಿ ಆಕಿದು,” ಎನ್ನುತ್ತ ಕಿವಿಯ ಹಿಂದೆ ಅಂಗೈ ಇಡುತ್ತಿದ್ದರು.

“ನಾಕು ಮಂದಿ ಕೂಡಿ ಹಾಡ್ಯಾರ. ಅದು ಆಕಿದ ಅನ್ನಾಕ ಏನ್ರೀ ಕಾಕಾ ಪುರಾವೆ?” ಎಂದು ನಾನು ವಾದಕ್ಕಿಳಿಯುತ್ತಿದ್ದೆ.

“ಗರಗರ ಸಪ್ಪಳ ಕಳೀತೀನಿ, ತಡಿ. ಆಮ್ಯಾಲ ನಿನ್ನ ಬಾಯಿ ಬಂದ್!”

ವರ್ಷಗಟ್ಟಲೆ ತಿದ್ದಿದರು. ಅವರು ಕಟ್ಟಿದ ಪ್ಲೇಯರುಗಳನ್ನು ದೂರದೂರಿನ ಸಂಗೀತಪ್ರಿಯರು ದುಬಾರಿ ಬೆಲೆ ಕೊಟ್ಟು ಕೊಳ್ಳತೊಡಗಿದರು. ಹೋದ ವರ್ಷ ಹೊಸದೊಂದರ ಮೇಲೆ ಆ ರೆಕಾರ್ಡ್ ಹಾಕಿದರು. ಗರಗರ ಇರಲಿಲ್ಲ; ನಾಲ್ಕೂ ದನಿ ಬಿಡಿಬಿಡಿಯಾಗಿ ಕೇಳಿದವು. ಕಾಕಾನ ಅಂಗೈ ಕಿವಿಯಿಂದ ಜಾರಿತು.

“ಇವರೊಳಗ ಆಕಿ ಇಲ್ಲವ್ವಾ.”

“ಅದಾಳ್ರಿ ಕಾಕಾ! ಕಡೀ ದನಿ ಆಕಿದ ಇರಬೇಕು,” ಎಂದು ಈಗ ನಾನೇ ಎದುರು ವಾದಕ್ಕೆ ನಿಂತೆ.

“ಏನು ಪುರಾವೆ?” ಎಂದರು.

ಆಮೇಲೆ ರೆಕಾರ್ಡನ್ನು ಬೀಸುಕಲ್ಲಿನ ಹಳೆಯ ಪ್ಲೇಯರಿನ ಮೇಲಿಟ್ಟು, ಆ ಗರಗರದ ಮುಂದೆ ಮತ್ತೆ ಕಿವಿಗೆ ಅಂಗೈ ಇಟ್ಟು ಕೂತರು.