ಒಂದು ಅಕ್ಷರ, ನಾಲ್ಕು ಅಂಕಿ

2004ರ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ಶಾರ್ಟ್‌ವೇವ್ ರೇಡಿಯೊ ಕೇಳುವವರ ಇಮೇಲ್ ಗುಂಪಿನಲ್ಲಿ ಒಬ್ಬ ಸದಸ್ಯರ ಹನ್ನೊಂದು ವರದಿಗಳನ್ನು ದಾಖಲೆಯಿಂದ ತೆಗೆದುಹಾಕಬೇಕೆಂಬ ಸಲಹೆ ಬಂತು. ಕಾರಣ ಒಂದೇ ಸಾಲಿನಲ್ಲಿತ್ತು. ಈ ಸದಸ್ಯರು ಯಾರೆಂದು ಯಾರಿಗೂ ಗೊತ್ತಿಲ್ಲ.

ನಾನು ಆಗ ತಿಪಟೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ಬುಧವಾರ ಮತ್ತು ಶನಿವಾರ ಮಾರುಕಟ್ಟೆಗೆ ಹೋಗಿ ಕೊಬ್ಬರಿ ಧಾರಣೆ ತಿಳಿದುಕೊಂಡು, ಬಸ್ ನಿಲ್ದಾಣದ ಬಳಿಯ ಸೈಬರ್ ಸೆಂಟರಿನಿಂದ ಸುದ್ದಿ ಕಳಿಸುತ್ತಿದ್ದೆ. ರೇಡಿಯೊ ಕೇಳುವುದು ನನ್ನ ಹವ್ಯಾಸ. ದೂರದೇಶದ ಸಣ್ಣ ಕೇಂದ್ರಗಳನ್ನು ಹಿಡಿಯುವುದು, ಕೇಳಿದ್ದನ್ನು ಬರೆದು ಗುಂಪಿಗೆ ಕಳಿಸುವುದು, ಅಷ್ಟೇ ಅದರ ವ್ಯವಹಾರ. ಆ ಗುಂಪು ಈಗಿಲ್ಲ. ನಿಯಮ ಮಾತ್ರ ನೆನಪಿದೆ. ದಿನಾಂಕ, ಸಮಯ, ತರಂಗಾಂತರ, ನಿಮ್ಮ ಊರು, ನಿಮ್ಮ ರೇಡಿಯೊ, ನಿಮ್ಮ ಏರಿಯಲ್, ಇಷ್ಟನ್ನೂ ಬರೆಯಬೇಕು. ಎಲ್ಲರೂ ಒಂದೊಂದು ಫೋಟೊವನ್ನೂ ಹಾಕಿದ್ದರು.

ಈ ಸದಸ್ಯರು ಫೋಟೊ ಹಾಕಿರಲಿಲ್ಲ. ಅವರ ಹೆಸರು ಒಂದು ಅಕ್ಷರ ಮತ್ತು ನಾಲ್ಕು ಅಂಕಿ. ಊರಿನ ಜಾಗದಲ್ಲಿ ‘ಕರ್ನಾಟಕ’ ಎಂದಷ್ಟೇ ಇರುತ್ತಿತ್ತು. ಆದರೆ ಅವರು ಹಿಡಿದ ಕೇಂದ್ರಗಳು ಬೇರೆ ಯಾರಿಗೂ ಸಿಕ್ಕಿರಲಿಲ್ಲ. ದಕ್ಷಿಣ ಅಮೆರಿಕದ ಬೆಟ್ಟದ ಊರುಗಳ ಕೇಂದ್ರಗಳು ನಮ್ಮಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಕೆಲವು ನಿಮಿಷ ಕೇಳಿ ಮಾಯವಾಗುತ್ತವೆ. ಅಂಥವನ್ನು ಅವರು ವಾರಕ್ಕೆ ಒಂದೆರಡರಂತೆ ಬರೆಯುತ್ತಿದ್ದರು. ಚೆನ್ನೈನ ಒಬ್ಬ ಬ್ಯಾಂಕ್ ನೌಕರರು ಪ್ರತಿ ವರದಿಗೂ ತಕರಾರು ತೆಗೆಯುತ್ತಿದ್ದರು. ನೀವು ಕೇಳಿದ್ದು ಅದಲ್ಲ, ಪಕ್ಕದ ಕೇಂದ್ರ ಎನ್ನುವರು. ಅಂಕಿಯ ಸದಸ್ಯರು ಸಾಲು ಸಾಲಾಗಿ ಉತ್ತರ ಕೊಡುವರು. ಒಂದು ಉತ್ತರದಲ್ಲಿ, ಆ ಕೇಂದ್ರದ ದನಿ ಒಣಗಿದ ಕಾಯಿಯೊಳಗೆ ಕೊಬ್ಬರಿ ಅಲುಗಾಡಿದಂತೆ ಬರುತ್ತಿತ್ತು ಎಂದಿತ್ತು.

ಗುಂಪನ್ನು ನೋಡಿಕೊಳ್ಳುತ್ತಿದ್ದವರು ಪುಣೆಯ ನಿವೃತ್ತ ಎಂಜಿನಿಯರ್. ಅವರು ನನಗೆ ಖಾಸಗಿಯಾಗಿ ಬರೆದರು. ‘ಈ ಸದಸ್ಯರ ಇಮೇಲ್ ಹೊರಡುವುದು ನಿಮ್ಮ ಊರಿನಿಂದಲೇ. ಇವರು ನಿಜವಾಗಿ ಇದ್ದಾರೆಯೇ, ನೋಡಿ ಹೇಳಿ.’

ಹುಡುಕುವುದು ಕಷ್ಟವಾಗಲಿಲ್ಲ. ವರದಿಗಳು ಬುಧವಾರ, ಶನಿವಾರ ಮಾತ್ರ ಬರುತ್ತಿದ್ದವು. ಸೈಬರ್ ಸೆಂಟರಿನವರನ್ನು ಕೇಳಿದೆ.

“ಓ, ಆ ಯಮ್ಮನಾ? ಕೊಬ್ಬರಿ ಗಾಡಿ ಜೊತೆ ಬತ್ತಾರೆ ಕಣ್ರೀ. ಯಜಮಾನ್ರು ಮಾರ್ಕೆಟ್ಟಿಗೆ, ಇವರು ಇಲ್ಲಿಗೆ. ಕೈಯಾಗೆ ಒಂದು ಚೀಟಿ, ತುಂಬಾ ಬರೀ ನಂಬರ್ರು. ನಾನು ಮಟ್ಕಾ ಇರ್ಬೇಕು ಅನ್ಕಂಡು ಸುಮ್ನಿದ್ದೆ.”

ಮುಂದಿನ ಬುಧವಾರ ಆಕೆಯನ್ನು ಮಾತನಾಡಿಸಿದೆ. ಮೂವತ್ತರ ಆಸುಪಾಸಿನವರು. ನಾನೂ ಆ ಗುಂಪಿನವನೆಂದು ಹೇಳಿದೆ. ಚೀಟಿಯನ್ನು ಮಡಿಸಿ ಸೆರಗಿನೊಳಗೆ ಹಿಡಿದುಕೊಂಡರು.

“ಕೇಳೋರು ನಾನಲ್ಲ ಅಣ್ಣ, ನಮ್ ಮೈದ್ನ. ಅವರು ಹೇಳ್ತಾರೆ, ನಾನು ಇಂಗ್ಲಿಷ್‌ನಾಗೆ ಬರ್ಕಂಬತ್ತೀನಿ.”

“ಅವರೇ ಯಾಕೆ ಬರೋದಿಲ್ಲ?”

“ಬಂದು ನೋಡಿ,” ಎಂದರು.

ಕಿಬ್ಬನಹಳ್ಳಿಯಲ್ಲಿ ಬಸ್ ಬದಲಿಸಿ ಹೋದೆ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತೋಟದ ನಡುವೆ ಮನೆ, ಅದರ ಮೇಲೆ ಕಾಯಿ ತುಂಬಿದ ಅಟ್ಟ. ನಮ್ಮ ಕಡೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಗಿಟುಕು, ಅಂದರೆ ಇಡೀ ಉಂಡೆ ಕೊಬ್ಬರಿಯಾಗಿ ಒಳಗೇ ಉರುಳುತ್ತದೆ. ಅಲುಗಾಡಿಸಿದರೆ ಸದ್ದು ಬರುತ್ತದೆ. ಆ ಸದ್ದು ಕೇಳಿ ಯಾವುದನ್ನು ಸುಲಿಯಬಹುದು, ಯಾವುದನ್ನು ಇನ್ನೂ ಬಿಡಬೇಕು ಎಂದು ಬೇರೆ ಮಾಡುವುದು ಆ ಮನೆಯಲ್ಲಿ ಮೈದುನನ ಕೆಲಸ. ಅವರು ಅಟ್ಟದ ಏಣಿಯಿಂದ ಕೈ ತಡವದೆ ಇಳಿದು ಬಂದರು. ಎಂಟನೇ ತರಗತಿಯಲ್ಲಿ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು.

ನಾನು ಅದನ್ನು ಬರೆದುಕೊಳ್ಳುತ್ತಿದ್ದೆ.

“ಬರ್ಕಳ್ತಾ ಇದ್ದೀರಾ? ಪೆನ್ನಿನ ಸದ್ದು ಬತ್ತಾ ಐತೆ,” ಎಂದರು.

ಪೆನ್ನು ಮುಚ್ಚಿದೆ. ಅವರು ಎರಡು ಕಾಯಿ ತರಿಸಿ ನನ್ನ ಕಿವಿಯ ಹತ್ತಿರ ಅಲುಗಾಡಿಸಿದರು. “ಯಾವುದು ಆಗೈತೆ, ಹೇಳಿ ನೋಡಣ.” ನನಗೆ ಎರಡೂ ಒಂದೇ ಕೇಳಿದವು. “ಹೋಗ್ಲಿ ಬುಡಿ. ಪೇಪರ್‌ನೋರಿಗೆ ರೇಟು ಗೊತ್ತಿದ್ರೆ ಸಾಕು,” ಎಂದು ನಕ್ಕರು.

ಎರಡನೇ ಸಲ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಎರಡು ತೆಂಗಿನ ಮರಗಳ ನಡುವೆ ಏರಿಯಲ್ಲಿಗೆ ತಾಮ್ರದ ತಂತಿ ಎಳೆದಿತ್ತು. ಕಾಯಿ ಕೀಳಲು ಬಂದವರ ಕೈಲಿ ಕಟ್ಟಿಸಿದ್ದರು. ರೇಡಿಯೊ ಸೆಲ್ಲಿನದು. ಕರೆಂಟು ಹೋಗಲಿ ಎಂದು ಅವರು ಕಾಯುತ್ತಿದ್ದರು. ಕರೆಂಟು ಹೋದರೆ ಸುತ್ತಲಿನ ತೋಟಗಳ ಮೋಟರು ನಿಂತು ರೇಡಿಯೊದ ಗುಂಯ್ ಎನ್ನುವ ಸದ್ದು ಅಡಗುತ್ತಿತ್ತು. ಅಂದು ಆರು ಗಂಟೆಗೆ ಹೋಯಿತು. ನನಗೆ ಭೋರೆನ್ನುವುದು ಮಾತ್ರ ಕೇಳಿಸಿತು. ಅವರು ಬೆರಳೆತ್ತಿ ಹಾಡು, ಹೆಂಗಸಿನ ದನಿ, ಗಂಟೆ, ಮತ್ತೆ ಹಾಡು ಎಂದು ಹೇಳುತ್ತಾ ಹೋದರು. ಅತ್ತಿಗೆ ಬರೆದುಕೊಂಡರು, ನಾನು ನಿಮಿಷಗಳನ್ನು ಗುರುತು ಹಾಕಿಕೊಂಡೆ. ಅದೇ ವಾರ ಶ್ರೀಲಂಕಾದ ಸದಸ್ಯರೊಬ್ಬರು ಅದೇ ಬೆಳಗ್ಗೆ ಅದೇ ಕೇಂದ್ರವನ್ನು ಕೇಳಿದ ವರದಿ ಕಳಿಸಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಹಾಡು, ದನಿ, ಗಂಟೆ, ಹಾಡು. ನಿಮಿಷಗಳು ಹೊಂದಿದವು.

ಆ ಬೆಳಗ್ಗೆ ಹೊರಡುವಾಗ, ನಿಮ್ಮ ಬಗ್ಗೆ ಗುಂಪಿಗೆ ಏನು ಬರೆಯಲಿ ಎಂದು ಕೇಳಿದ್ದೆ.

“ಕೇಳಿದ್ದು ದಿಟ ಅಂತ ಬರೀರಿ. ಮಿಕ್ಕಿದ್ದು ಬ್ಯಾಡ.”

“ನಿಮ್ಮನ್ನು ಸುಳ್ಳ ಅಂತಿದ್ದಾರಲ್ಲ.”

“ಅನ್ಲಿ. ಕಣ್ಣಿಲ್ಲ ಅಂತ ಗೊತ್ತಾದ್ರೆ ಪಾಪ ಅಂತಾರೆ. ಈ ಊರೆಲ್ಲ ಅದನ್ನೇ ಅಂತೈತೆ. ನಾನು ಸುಳ್ಳ ಅನ್ನಿಸ್ಕಳದು ಅಲ್ಲೊಂದೇ ಕಡೆ ಕಣ್ರೀ. ಆ ಚೆನ್ನೈನೋನು ಇದಾನಲ್ಲ, ಅವನು ಬಯ್ಯದು ಕೇಳಾಕೆ ಶನಿವಾರದ ತಂಕ ಕಾಯ್ತೀನಿ.”

“ಬಯ್ಗುಳ ಓದಿ ಹೇಳಿದ್ ದಿನ ಎರಡು ಮುದ್ದೆ ಜಾಸ್ತಿ ಉಣ್ತಾರೆ,” ಎಂದರು ಅತ್ತಿಗೆ.

ಮಿಕ್ಕಿದ್ದನ್ನು ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಗುಂಪಿಗೆ ನಾಲ್ಕು ಸಾಲು ಬರೆದೆ. ಸದಸ್ಯರನ್ನು ಕಂಡಿದ್ದೇನೆ, ಜೊತೆಯಲ್ಲಿ ಕೂತು ಕೇಳಿದ್ದೇನೆ, ವರದಿ ನಿಜ, ಅವರ ಬಗ್ಗೆ ಹೆಚ್ಚು ಹೇಳಲು ಅವರ ಒಪ್ಪಿಗೆಯಿಲ್ಲ. ಮೂರನೆಯ ದಿನ ದೆಹಲಿಯ ಸದಸ್ಯರೊಬ್ಬರು ಬರೆದರು. ಈ ಪತ್ರಕರ್ತರ ಇಮೇಲ್ ಮತ್ತು ಆ ಅಂಕಿಯವರ ಇಮೇಲ್ ಹೊರಡುವುದು ಒಂದೇ ಇಂಟರ್ನೆಟ್ ಸಂಪರ್ಕದ ವಿಳಾಸದಿಂದ. ಇಬ್ಬರೂ ಒಬ್ಬರೇ. ತಮ್ಮ ಸುಳ್ಳಿಗೆ ತಾವೇ ಸಾಕ್ಷಿ ಹೇಳುತ್ತಿದ್ದಾರೆ.

ವಿಳಾಸ ಒಂದೇ ಎಂಬುದು ನಿಜ. ತಿಪಟೂರಿನಲ್ಲಿ ನಾನು, ಆ ಅತ್ತಿಗೆ ಇಬ್ಬರೂ ಹೋಗುತ್ತಿದ್ದುದು ಅದೇ ಸೈಬರ್ ಸೆಂಟರಿಗೆ. ಅಷ್ಟನ್ನೇ ಬರೆಯಬಹುದಿತ್ತು. ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ. ವರದಿಯಲ್ಲಿ ಸುಳ್ಳು ಬರೆಯುವವನು ಎಂಬ ಮಾತನ್ನು ನನ್ನ ಬಗ್ಗೆ ಅದುವರೆಗೆ ಯಾರೂ ಆಡಿರಲಿಲ್ಲ. ಊರು ಮತ್ತು ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಬರೆದೆ. ಅಟ್ಟ, ಅತ್ತಿಗೆ, ಚೀಟಿ, ಜ್ವರ. ಅವರಿಗೆ ಕಣ್ಣು ಕಾಣುವುದಿಲ್ಲ ಎಂಬುದು ಎರಡನೆಯ ವಾಕ್ಯದಲ್ಲಿತ್ತು. ಮುಖ್ಯ ಸಂಗತಿಯನ್ನು ಮೊದಲೇ ಹೇಳಬೇಕೆಂದು ನಾನು ಕಲಿತಿದ್ದೆ.

ಉತ್ತರಗಳು ಅಂದೇ ಬರತೊಡಗಿದವು. ಪುಣೆಯವರು ಎಲ್ಲರೆದುರು ಕ್ಷಮೆ ಕೇಳಿದರು. ದೆಹಲಿಯವರು ಹೊಸ ರೇಡಿಯೊ ಕಳಿಸುತ್ತೇನೆ, ವಿಳಾಸ ಕೊಡಿ ಎಂದರು. ನೀವು ನಮಗೆಲ್ಲ ಸ್ಫೂರ್ತಿ ಎಂದು ಹಲವರು ಬರೆದರು. ಚೆನ್ನೈನವರು ಮೂರು ಸಾಲು ಬರೆದರು. ತಿಳಿಯದೆ ನೋಯಿಸಿದ್ದೇನೆ. ಮನ್ನಿಸಿ. ಇನ್ನು ಮೇಲೆ ನಿಮ್ಮ ವರದಿಯನ್ನು ಪ್ರಶ್ನಿಸುವುದಿಲ್ಲ.

ಎರಡು ವಾರದ ನಂತರ ಅಂಕಿಯ ಸದಸ್ಯರಿಂದ ಒಂದು ವರದಿ ಬಂತು. ಆ ತರಂಗಾಂತರದಲ್ಲಿ, ಆ ಹೊತ್ತಿನಲ್ಲಿ ಆ ಕೇಂದ್ರ ಕೇಳುವುದು ಸಾಧ್ಯವೇ ಇರಲಿಲ್ಲ. ಹೊಸಬರೂ ಹಿಡಿಯುವಂಥ ತಪ್ಪು. ಆರು ಜನ ಮೆಚ್ಚುಗೆ ಬರೆದರು. ಚೆನ್ನೈನವರು ‘ಅದ್ಭುತ’ ಎಂದು ಬರೆದಿದ್ದರು. ನಾನು ಏನನ್ನೂ ಬರೆಯಲಿಲ್ಲ. ಅದಾದ ಮೇಲೆ ಆ ಹೆಸರಿನಿಂದ ವರದಿ ಬರಲಿಲ್ಲ.

ಒಂದು ತಿಂಗಳು ಕಳೆದು ತೋಟದ ಮನೆಗೆ ಹೋದೆ. ಅತ್ತಿಗೆ ಜಗಲಿಯಲ್ಲೇ ನಿಲ್ಲಿಸಿ ಮಾತನಾಡಿದರು.

“ಬೇಕು ಅಂತ್ಲೇ ತಪ್ಪು ಬರೆಸಿದ್ರು ಅಣ್ಣ. ಯಾರಾದ್ರೂ ಬಯ್ತಾರಾ ನೋಡಣ ಅಂದ್ರು. ನಾನು ಅದ್ಭುತ ಅಂತ ಓದಿ ಹೇಳ್ದೆ. ಚೀಟಿ ಇಸ್ಕಂಡು ಹರಿದಾಕಿದ್ರು.”

ಮೇಲೆ ಅಟ್ಟದಲ್ಲಿ ಕಾಯಿ ಅಲುಗಾಡಿಸುವ ಸದ್ದು ಬರುತ್ತಿತ್ತು. ನಾನು ಏಣಿಯ ಬುಡದಲ್ಲಿ ನಿಂತು, ತಪ್ಪಾಯಿತು ಎಂದೆ. ಸದ್ದು ನಿಂತಿತು.

“ನಿಮ್ ಮ್ಯಾಲೆ ಸಿಟ್ಟಿಲ್ಲ ಕಣ್ರೀ,” ಎಂದರು ಮೇಲಿನಿಂದಲೇ. “ಈಗ ನನ್ ಜೊತೆ ಯಾರೂ ಜಗಳಾಡಲ್ಲ. ಅಷ್ಟೇಯ. ಕಾಪಿ ಕುಡ್ಕಂಡು ಹೋಗಿ.”

ಕಾಫಿ ಕುಡಿದು ಬಂದೆ. ಮರಗಳ ನಡುವೆ ತಂತಿ ಇನ್ನೂ ಇತ್ತು. ಅವರು ರೇಡಿಯೊ ಹಾಕುತ್ತಿದ್ದಾರೆಯೇ ಎಂದು ಕೇಳಲಿಲ್ಲ.

2006ರ ಜನವರಿಯ ಒಂದು ಬುಧವಾರ, ಸೈಬರ್ ಸೆಂಟರಿನ ಮೂಲೆಯ ಕಂಪ್ಯೂಟರಿನಲ್ಲಿ ಅತ್ತಿಗೆ ಕೂತಿದ್ದರು. ಪಕ್ಕದಲ್ಲಿ ಚೀಟಿ ಇತ್ತು. ನನ್ನನ್ನು ನೋಡಿ ಅದರ ಮೇಲೆ ಅಂಗೈ ಇಟ್ಟರು.

“ನೋಡ್ಬ್ಯಾಡಿ ಅಣ್ಣ.”

ಹೊರಗೆ ಬಂದೆ. ಅಂದಿನ ಕೊಬ್ಬರಿ ಧಾರಣೆಯನ್ನು ಪತ್ರಿಕೆಯ ಕಚೇರಿಗೆ ಫೋನಿನಲ್ಲಿ ಓದಿ ಹೇಳಿದೆ.

ಅದೇ ವಾರ ಗುಂಪಿಗೆ ಹೊಸ ಸದಸ್ಯರೊಬ್ಬರು ಸೇರಿದರು. ಊರಿನ ಜಾಗದಲ್ಲಿ ‘ದಕ್ಷಿಣ ಭಾರತ’ ಎಂದಿತ್ತು. ಬೆಳಗಿನ ಹೊತ್ತು ದಕ್ಷಿಣ ಅಮೆರಿಕದ ಕೇಂದ್ರವೊಂದನ್ನು ಕೇಳಿದ ವರದಿ ಬಂತು. ಇವರು ನಿಮ್ಮ ಕಡೆಯವರೇ ಎಂದು ಪುಣೆಯವರು ನನ್ನನ್ನು ಖಾಸಗಿಯಾಗಿ ಕೇಳಿದರು. ಗೊತ್ತಿಲ್ಲ ಎಂದು ಬರೆದೆ. ಚೆನ್ನೈನವರು ಗುಂಪಿನಲ್ಲೇ ಬರೆದರು. ಇದು ಆ ಕೇಂದ್ರವಲ್ಲ. ಬರೆಯುವ ಮೊದಲು ಸರಿಯಾಗಿ ಕೇಳುವುದನ್ನು ಕಲಿಯಿರಿ.

ಶನಿವಾರ ಹೊಸ ಸದಸ್ಯರ ಉತ್ತರ ಬಂತು. ಒಂಬತ್ತು ಸಾಲು ಇತ್ತು. ಚೆನ್ನೈನವರು ಒಪ್ಪಲಿಲ್ಲ.