ಗೆಲಾಕ್ಸಿಯಲ್ಲಿ ಉಳಿದ ಹಳೇ ನೂಲು

ಹಿಂದೂಪುರದ ನೇಕಾರ ರಾಮಲಿಂಗಯ್ಯನವರ ಮಗ ಆನಂದಕುಮಾರ್ ಕಾಲೇಜಿನಲ್ಲಿ ಕಲಿಸುವುದು ಕಾಮರ್ಸು. ಸಂಶೋಧನೆ ಮಾತ್ರ ಸಕಲ ವಿಷಯಗಳಲ್ಲಿ. ನೇಕಾರರ ಸಂಘ ಹೇಗೆ ಬದಲಾಯಿತು ಎಂದು ಒಮ್ಮೆ ಒಂದು ಪ್ರಬಂಧ ಬರೆದರು. ಆಮೇಲೆ ಬರೆಯುವ ಗೋಜಿಗೇ ಹೋಗಲಿಲ್ಲ. ‘ಸಂಘ’ ಇದ್ದಲ್ಲೆಲ್ಲ ‘ಆಸ್ಪತ್ರೆ’ ಎಂದು ಹಾಕಿದರೆ ಹೊಸ ಪ್ರಬಂಧ, ‘ಕುರಿಮಂದೆ’ ಎಂದರೆ ಇನ್ನೊಂದು. ಕೊನೆಗೆ ‘ಗೆಲಾಕ್ಸಿ’ ಎಂದೂ ಹಾಕಿದರು. ಈ ಮಹಾನುಭಾವರು ತಲೆಯೆತ್ತಿ ಆಕಾಶ ನೋಡಿದ್ದನ್ನು ಕಂಡವರಿಲ್ಲ.

ಮನೆಯ ಕಸುಬನ್ನೂ ಅರ್ಧವೇ ಕಲಿತವರು. ಅವರಪ್ಪ ಹೊಸ ಹಾಸಿನ ಉದ್ದನೆಯ ಎಳೆಗಳನ್ನು ಹಳೆಯದಕ್ಕೆ ಗಂಟು ಹಾಕಿ ಮಗ್ಗಕ್ಕೆ ಏರಿಸಿದ ಮೇಲೆ, ಹಳೆಯ ಬಣ್ಣದ ತುಂಡನ್ನು ಕತ್ತರಿಸಿ ಎಸೆಯುತ್ತಿದ್ದರು. ಮಗನಿಗೆ ಗಂಟು ಹಾಕುವುದಷ್ಟೇ ಬಂತು.

ಕಲ್ಯಾಣದುರ್ಗದ ವಿಚಾರ ಸಂಕಿರಣದಲ್ಲಿ ಎದೆಯುಬ್ಬಿಸಿ ಓದಿದರು: “ದೂರದ ಗೆಲಾಕ್ಸಿಗಳು ಮೊದಲು ಪವರ್‌ಲೂಮ್ ಬೇಡವೆಂದು ಗಲಾಟೆ ಮಾಡಿದವು. ಅಧ್ಯಕ್ಷರು ಬುದ್ಧಿ ಹೇಳಿದ ಮೇಲೆ ಒಪ್ಪಿದವು.”

ತಾವು ಓದಿದ್ದು ಏನೆಂದು ಆಗ ಹೊಳೆದು ಬೆವತುಹೋದರು. ಸಭೆ ಚಪ್ಪಾಳೆ ತಟ್ಟಿತು. ಶಾಲು ಹೊದಿಸಲು ಬಂದ ಪ್ರಿನ್ಸಿಪಾಲ್ ರಘುನಾಥ್, ಆನಂದಕುಮಾರರ ಕಿವಿಯ ಹತ್ತಿರ ಬಾಗಿದರು.

“ಅಬ್ಬೋ, ಏನ್ ಬರ್ದ್‌ಬುಟ್ಟಿದೀರ ಸಾರ್! ಮುಂದಿನ ಪೇಪರ್‌ನಾಗೆ ನನ್ ಹೆಸ್ರೂ ಸೇರ್ಸ್‌ಬುಡಿ.”